ಬಾಗಿಲ ಹಿಂದೆ ನಿಲ್ಲುವ ಮಗು ಏನು ಹೇಳುತ್ತಿದೆ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ತೋಟದ ಮನೆ. ಮಗನಿಗೆ ಈಗ ಎರಡು ವರ್ಷ ಎರಡು ತಿಂಗಳು. ನಾನು ಶಾಲಾ ಶಿಕ್ಷಕಿ. ಹಗಲು ಮಗುವನ್ನು ನೋಡಿಕೊಳ್ಳುವವರು ಅತ್ತೆ. ತಮ್ಮ ಇಬ್ಬರು ಗಂಡುಮಕ್ಕಳೂ ವರ್ಷ ತುಂಬುವಷ್ಟರಲ್ಲಿ ಉಚ್ಚೆ, ಕಕ್ಕ ಎಲ್ಲ ಕಲಿತಿದ್ದರು, ಡೈಪರ್ ಹಾಕಿ ಹಾಕಿ ನಾನು ಮಗುವನ್ನು ಸೋಮಾರಿ ಮಾಡಿದ್ದೇನೆ ಎನ್ನುತ್ತಾರೆ ಅವರು. ಜೂನ್‌ನಲ್ಲಿ ಪ್ಲೇ ಸ್ಕೂಲಿಗೆ ಸೇರಿಸಲು ಹೋದರೆ ಡೈಪರ್ ಬಿಡಿಸಿ ಕರೆತನ್ನಿ ಎಂದರು. ಆ ಅವಸರಕ್ಕೆ ಹಿತ್ತಲ ಕಡೆಯ ಕಕ್ಕಸಿನಲ್ಲಿ ಕಮೋಡಿನ ಮೇಲೆ ಎರಡು ಮೂರು ಸಲ ಕೂರಿಸಿದೆವು. ಕಿರುಚಿ, ಬೆನ್ನು ಸೆಟೆದು ಇಳಿದುಬಿಟ್ಟ. ಅಲ್ಲಿಂದೀಚೆಗೆ ಎರಡು ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಕಕ್ಕ ಮಾಡುತ್ತಾನೆ, ಅದೂ ಡೈಪರಿನಲ್ಲಿ, ಮಲಗುವ ಕೋಣೆಯ ಬಾಗಿಲ ಹಿಂದೆ ಅಡಗಿ ನಿಂತು. ಹತ್ತಿರ ಹೋದರೆ 'ಹೋಗು' ಎಂದು ದಬ್ಬುತ್ತಾನೆ. ಉಚ್ಚೆ ಮಾಡಿದ ಮೇಲೆ ಬಂದು ಡೈಪರ್ ತೋರಿಸುತ್ತಾನೆ. ಮಧ್ಯಾಹ್ನದ ನಿದ್ದೆಯಿಂದ ಕೆಲವು ದಿನ ಒಣ ಡೈಪರಿನಲ್ಲೇ ಏಳುತ್ತಾನೆ, ಎಚ್ಚರವಿದ್ದಾಗ ಮಾತ್ರ ಗಂಟೆಗೊಮ್ಮೆ ಒದ್ದೆ. ಅವನು ಸಿದ್ಧನಾಗಿದ್ದಾನೆಯೇ? ನಾವು ತಡ ಮಾಡಿದೆವೇ? ದಸರೆ ಕಳೆದ ಮೇಲೆ ಶಾಲೆಗೆ ಕಳುಹಿಸಬಹುದೇ?

ಉತ್ತರ: ಬಾಗಿಲ ಹಿಂದೆ ಅಡಗುವುದನ್ನು ನೀವು ದೂರಿನ ಧಾಟಿಯಲ್ಲಿ ಬರೆದಿದ್ದೀರಿ. ಪತ್ರ ಓದುತ್ತಾ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು ಆ ಸಾಲಿಗೇ. ಕಕ್ಕ ಬರುತ್ತಿದೆ ಎಂದು ಅವನಿಗೆ ಮುಂಚೆಯೇ ಗೊತ್ತಾಗಿದೆ, ಆಟ ಬಿಟ್ಟು ಎದ್ದಿದ್ದಾನೆ, ಕೋಣೆ ದಾಟಿ ಬಾಗಿಲ ಸಂದಿ ಸೇರುವಷ್ಟು ಹೊತ್ತು ತಡೆದುಕೊಂಡಿದ್ದಾನೆ. ಇದು ನಾಲ್ಕು ಜನರ ಎದುರು ಮಾಡುವ ಕೆಲಸವಲ್ಲ ಎಂಬುದೂ ಅವನಿಗೆ ತಿಳಿದಂತಿದೆ. ಪಾಟಿಯ, ಅಂದರೆ ಮಕ್ಕಳ ಪುಟ್ಟ ಕಕ್ಕಸು ಪೀಠದ ಮೇಲೆ ಕೂರಲು ಮಗುವಿಗೆ ಬೇಕಾದ ತಿಳಿವಳಿಕೆ ಹೆಚ್ಚುಕಡಿಮೆ ಇಷ್ಟೇ.

ಉಚ್ಚೆಯ ವಿಷಯದಲ್ಲಿ ಅವನು ಇನ್ನೂ ಅಲ್ಲಿಗೆ ಬಂದಿಲ್ಲ. ಮಕ್ಕಳು ಸಾಮಾನ್ಯವಾಗಿ ಹೋಗುವ ದಾರಿ ಹೀಗಿರುತ್ತದೆ: ಮೊದಲು ಆದದ್ದು ತಿಳಿಯುತ್ತದೆ, ಕೆಲವು ವಾರಗಳೋ ತಿಂಗಳುಗಳೋ ಕಳೆದು ಆಗುತ್ತಿರುವುದು ತಿಳಿಯುತ್ತದೆ, ಆಡುತ್ತಿದ್ದ ಮಗು ತಟಕ್ಕನೆ ನಿಂತು ಕೆಳಗೆ ನೋಡಿಕೊಳ್ಳುತ್ತದೆ, ಎಲ್ಲಕ್ಕಿಂತ ಕೊನೆಗೆ, ಆಗಲಿರುವುದು ತಿಳಿಯುತ್ತದೆ. 'ನಮ್ಮ ಮಗು ಸಿದ್ಧವಾಗಿದೆಯೇ ಡಾಕ್ಟರೇ' ಎಂದು ಕೇಳುವ ತಾಯಂದಿರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ, ಆದ ಮೇಲೆ ಹೇಳುತ್ತದೆಯೋ, ಆಗುವ ಮುಂಚೆ ಹೇಳುತ್ತದೆಯೋ? ಹೇಳುವುದೆಂದರೆ ಬಾಯಿಬಿಟ್ಟೇ ಹೇಳಬೇಕೆಂದಿಲ್ಲ. ಕಾಲು ಹೆಣೆದುಕೊಳ್ಳುವುದು, ಚಡ್ಡಿ ಹಿಡಿದುಕೊಂಡು ಕುಣಿಯುವುದು, ಬಾಗಿಲ ಹಿಂದೆ ಸರಿಯುವುದು, ಇವೆಲ್ಲ ಹೇಳುವುದೇ.

ಹಾಗಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗ ಒಂದಕ್ಕೆ ಇನ್ನೂ ಸಿದ್ಧನಾಗಿಲ್ಲ. ಎರಡಕ್ಕೆ ಸಿದ್ಧನಾಗುತ್ತಿದ್ದ, ಜೂನ್‌ನ ಅವಸರ ಅದನ್ನು ಸ್ವಲ್ಪ ಕೆಡಿಸಿತು. ಸರಿಪಡಿಸಬಹುದು, ಆದರೆ ಮೊದಲು ಸರಿಯಾಗಬೇಕಾದದ್ದು ಅವನ ಹೊಟ್ಟೆ.

ಎರಡು ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುತ್ತಾನೆ ಎಂಬುದನ್ನು ನೀವು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೀರಿ. ಅಲ್ಲೇ ಸ್ವಲ್ಪ ನಿಲ್ಲೋಣ. ಹೆದರಿದ ಮಗು, ಅಥವಾ ಒಮ್ಮೆ ನೋವುಂಡ ಮಗು, ಮಲವನ್ನು ತಡೆಹಿಡಿಯುತ್ತದೆ. ತಡೆದಷ್ಟೂ ಹೊತ್ತು ದೊಡ್ಡ ಕರುಳು ಅದರಲ್ಲಿರುವ ನೀರನ್ನು ಹೀರುತ್ತಲೇ ಇರುತ್ತದೆ. ಮಲ ಗಟ್ಟಿಯಾಗುತ್ತದೆ, ಹೊರಬರುವಾಗ ನೋಯುತ್ತದೆ, ಆ ನೋವು ನೆನಪಿರುವ ಮಗು ಮುಂದಿನ ಸಲ ಇನ್ನಷ್ಟು ಬಿಗಿಹಿಡಿಯುತ್ತದೆ. ತುದಿಗಾಲಿನಲ್ಲಿ ನಿಂತು, ಕುಂಡೆ ಬಿಗಿದು, ಮುಖ ಕೆಂಪಗೆ ಮಾಡಿಕೊಂಡ ಮಗುವನ್ನು ಕಂಡರೆ 'ಪಾಪ, ತಿಣುಕುತ್ತಿದೆ' ಎನ್ನುತ್ತೇವೆ. ಬಹಳ ಸಲ ಅದು ಹೊರಗೆ ತಳ್ಳುತ್ತಿರುವುದಿಲ್ಲ, ಒಳಗೆ ತಡೆಯುತ್ತಿರುತ್ತದೆ. ನಿಮ್ಮ ಮಗ ಬಾಗಿಲ ಹಿಂದೆ ಮೊಣಕಾಲು ಮಡಿಸಿ ಬಗ್ಗುತ್ತಾನೋ, ನೆಟ್ಟಗೆ ತುದಿಗಾಲಲ್ಲಿ ನಿಲ್ಲುತ್ತಾನೋ, ಅವನಿಗೆ ತಿಳಿಯದ ಹಾಗೆ ದೂರದಿಂದ ಒಮ್ಮೆ ನೋಡಿ. ಬಗ್ಗಿದರೆ ಮಾಡುತ್ತಿದ್ದಾನೆ, ಸೆಟೆದರೆ ತಡೆಯುತ್ತಿದ್ದಾನೆ.

ಗಂಟೆಗೊಮ್ಮೆ ಒದ್ದೆಯಾಗುವುದಕ್ಕೂ ಇದಕ್ಕೂ ನಂಟಿರಬಹುದು. ಮಲ ತುಂಬಿ ಹಿಗ್ಗಿದ ಗುದನಾಳ ಅದರ ಮುಂದೆಯೇ ಇರುವ ಮೂತ್ರಕೋಶವನ್ನು ಒತ್ತುತ್ತದೆ. ಎರಡು ವರ್ಷದ ಮಗುವಿನ ಮೂತ್ರಕೋಶದಲ್ಲಿ ಹಿಡಿಸುವುದೇ ಸುಮಾರು 100 ಮಿಲಿಲೀಟರ್, ನಮ್ಮ ಮನೆಗಳ ಸಣ್ಣ ಕಾಫಿ ಲೋಟದಷ್ಟು. ಅದಕ್ಕೂ ಹಿಂದಿನಿಂದ ಒತ್ತಡ ಬಿದ್ದರೆ ಆಗಾಗ ಸ್ವಲ್ಪ ಸ್ವಲ್ಪ ಸುರಿಯದೆ ಇನ್ನೇನು? ಜೊತೆಗೆ ಇದು ಜುಲೈ. ಈ ಥಂಡಿಯಲ್ಲಿ ಬೆವರುವುದಿಲ್ಲ, ದೊಡ್ಡವರಾದ ನಮಗೇ ಗಂಟೆಗೊಮ್ಮೆ ಏಳಬೇಕಾಗುತ್ತದೆ. ಆದ್ದರಿಂದ ಈಗಿನ ಒದ್ದೆ ಡೈಪರುಗಳನ್ನು ಎಣಿಸಿ ಮಗುವಿನ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ. ನಿದ್ದೆಯಿಂದ ಒಣಗಿ ಏಳುತ್ತಾನೆ ಎಂದಿದ್ದೀರಲ್ಲ, ಮೂತ್ರಕೋಶ ಹಿಡಿದಿಟ್ಟುಕೊಳ್ಳಲು ಕಲಿಯುತ್ತಿದೆ ಎಂಬುದಕ್ಕೆ ಸದ್ಯಕ್ಕೆ ಅಷ್ಟು ಸಾಕ್ಷಿ ಸಾಕು.

ಹೊಟ್ಟೆ ಸರಿಮಾಡುವುದು ಹೇಗೆ? ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ ಎಂದು ನೀವು ಬರೆದಿಲ್ಲ. ಈ ವಯಸ್ಸಿನಲ್ಲಿ ಅರ್ಧ ಲೀಟರ್ ಮೀರಬಾರದು. ಮೀರಿದರೆ ಹೊಟ್ಟೆ ಹಾಲಿನಲ್ಲೇ ತುಂಬಿ ಊಟ ಒಳಗೆ ಹೋಗುವುದಿಲ್ಲ. ನಮ್ಮ ಊಟವೂ ಅಕ್ಕಿಯ ಸುತ್ತಲೇ ತಿರುಗುತ್ತದೆ: ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು. ದೊಡ್ಡವರು ಪಕ್ಕಕ್ಕೆ ಸೊಪ್ಪಿನ ಪಲ್ಯ, ಕಾಳು ಹಾಕಿಕೊಂಡು ಸರಿದೂಗಿಸುತ್ತಾರೆ. ಮಗು ನೂಪುಟ್ಟಿಗೆ ಜೇನು ಅದ್ದಿ ತಿಂದು ಅಷ್ಟಕ್ಕೇ ಎದ್ದುಬಿಡುತ್ತದೆ. ಪಪ್ಪಾಯಿ, ಚೆನ್ನಾಗಿ ಹಣ್ಣಾದ ಬಾಳೆಹಣ್ಣು, ಬೇಯಿಸಿದ ಗೆಣಸು, ಹೆಸರುಕಾಳು, ಸಿಕ್ಕ ಕಾಲಕ್ಕೆ ಕಿತ್ತಳೆ, ಇವನ್ನು ದಿನಕ್ಕೆ ಎರಡು ಮೂರು ಸಲ ಕೈಗೆ ಕೊಡಿ. ಮಳೆಗಾಲದಲ್ಲಿ ಮಕ್ಕಳು ನೀರು ಕೇಳುವುದಿಲ್ಲ, ಉಗುರು ಬೆಚ್ಚಗೆ ಮಾಡಿ ನೀವೇ ಕುಡಿಸಬೇಕು. ಒಂದು ವಾರ ಇಷ್ಟು ಮಾಡಿಯೂ ಮೆತ್ತಗಾಗದಿದ್ದರೆ ನಿಮ್ಮ ಮಕ್ಕಳ ವೈದ್ಯರ ಬಳಿ ಹೋಗಿ. ಮಲವನ್ನು ಮೆತ್ತಗೆ ಮಾಡುವ ಸಿರಪ್ ಅಥವಾ ಪುಡಿಯನ್ನು ಅವರು ಬರೆದುಕೊಡುತ್ತಾರೆ. ಎರಡು ದಿನ ಕೊಟ್ಟು, ಒಮ್ಮೆ ಸಲೀಸಾಗಿ ಹೋಯಿತೆಂದು ನಿಲ್ಲಿಸಬೇಡಿ. ಹೋದರೆ ನೋಯುವುದಿಲ್ಲ ಎಂದು ಮಗುವಿಗೆ ನಂಬಿಕೆ ಬರಲು ವಾರಗಳು ಬೇಕು. ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಹಿಂದೆ ಇಡುವ ಮನೆಮದ್ದು ಮಾತ್ರ ಬೇಡ. ಆ ಜಾಗಕ್ಕೆ ಯಾರೋ ಕೈಹಾಕುತ್ತಾರೆ ಎಂಬ ಹೆದರಿಕೆ ಒಂದು ಸಲ ಹೊಕ್ಕರೆ ತಡೆಯುವ ಚಟ ಇನ್ನೂ ಗಟ್ಟಿಯಾಗುತ್ತದೆ.

ಇನ್ನು ನಿಮ್ಮ ಅತ್ತೆಯವರು. ಅವರು ಸುಳ್ಳು ಹೇಳುತ್ತಿಲ್ಲ. ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಕೂಸನ್ನು ಕುಕ್ಕರಗಾಲಿನಲ್ಲಿ ಕೂರಿಸಿ, ಬಾಯಲ್ಲಿ 'ಸ್ಸ್ಸ್' ಎಂದು ಸದ್ದು ಮಾಡಿ ಹಸುಗೂಸಿಗೆ ಉಚ್ಚೆ ಮಾಡಿಸಿದ ಅಜ್ಜಿಯರನ್ನು ನಾನೂ ಕಂಡಿದ್ದೇನೆ. ನಿದ್ದೆಯಿಂದ ಎದ್ದ ತಕ್ಷಣ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಕೂರಿಸುತ್ತಿದ್ದರು, ಮಗು ಮಾಡುತ್ತಿತ್ತು. ಹೊಟ್ಟೆಗೆ ಬಿದ್ದಾಗ ಕರುಳು ತಾನಾಗಿ ಅಲುಗುತ್ತದೆ, ಸದ್ದಿಗೆ ಮೈ ಒಗ್ಗಿಕೊಳ್ಳುತ್ತದೆ. ಒಳ್ಳೆಯ ಪದ್ಧತಿಯೇ, ಒಗೆಯುವ ಬಟ್ಟೆ ಅರ್ಧಕ್ಕರ್ಧ ಉಳಿಯುತ್ತಿತ್ತು. ಆದರೆ ಅಲ್ಲಿ ಗಡಿಯಾರ ಇದ್ದದ್ದು ಅಜ್ಜಿಯ ತಲೆಯಲ್ಲಿ. ಅವರು ಎರಡು ದಿನ ನೆಂಟರ ಮನೆಗೆ ಹೋದರೆ ಮಗುವಿನ ಕಲಿಕೆಯೂ ಅವರ ಜೊತೆಗೇ ಹೊರಟುಹೋಗುತ್ತಿತ್ತು. ಆಟದ ನಡುವೆ ತಾನಾಗಿ ಎದ್ದು, ತಡೆದುಕೊಂಡು, ಜಾಗಕ್ಕೆ ಹೋಗಿ, ಚಡ್ಡಿ ಇಳಿಸಿ ಮಾಡುವುದು ಬೇರೆಯದೇ ಕೆಲಸ, ಅದಕ್ಕೆ ನರಗಳು ಮಾಗಬೇಕು. 1940ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಿರ್ಟಲ್ ಮೆಗ್ರಾ ಅವಳಿ ಮಕ್ಕಳನ್ನು ಇಟ್ಟುಕೊಂಡು ಇದನ್ನೇ ನೋಡಿದರು. ಜೋಡಿಯಲ್ಲಿ ಒಂದು ಮಗುವನ್ನು ಎಳವೆಯಿಂದಲೇ ಗಂಟೆಗೊಮ್ಮೆ ಕೂರಿಸಿದರು, ಇನ್ನೊಂದನ್ನು ಬಹುಕಾಲ ಅದರ ಪಾಡಿಗೆ ಬಿಟ್ಟರು. ತಡವಾಗಿ ಶುರುಮಾಡಿದ ಮಗು ಬೇಗನೆ ಮೊದಲನೆಯದನ್ನು ಬಂದು ಸೇರಿಕೊಂಡಿತು.

ಡೈಪರ್ ಬಗ್ಗೆ ಅತ್ತೆಯವರ ಮಾತಿನಲ್ಲಿ ಮಾತ್ರ ಹುರುಳಿದೆ. ಅದರೊಳಗಿನ ಜೆಲ್ ಒದ್ದೆಯನ್ನು ಎಷ್ಟು ಚೆನ್ನಾಗಿ ಹೀರುತ್ತದೆಂದರೆ ಉಚ್ಚೆಗೂ ಒದ್ದೆಗೂ ಇರುವ ಸಂಬಂಧವೇ ಮಗುವಿಗೆ ಕಾಣುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳ ಅಂಗಳದಲ್ಲಿ ಬರಿಮೈಯಲ್ಲಿ ಆಡುವ ಮಕ್ಕಳು ಈ ಪಾಠವನ್ನು ಯಾರೂ ಹೇಳಿಕೊಡದೆ ಕಲಿಯುತ್ತವೆ. ಕಾಲ ಮೇಲೆ ಬೆಚ್ಚಗೆ ಇಳಿದದ್ದು ಎಲ್ಲಿಂದ ಬಂತು ಎಂದು ಅವು ಕಣ್ಣಾರೆ ನೋಡಿರುತ್ತವೆ. ದಿನಕ್ಕೆ ಒಂದೆರಡು ಗಂಟೆ, ಒಲೆಯ ಹತ್ತಿರದ ಬೆಚ್ಚನೆಯ ಜಾಗದಲ್ಲಿ, ನಿಮ್ಮ ಮಗನನ್ನೂ ಹತ್ತಿಯ ಚಡ್ಡಿಯಲ್ಲಿ ಬಿಡಿ. ಕಲಿಸುವುದಕ್ಕೆಂದಲ್ಲ, ಅವನು ನೋಡಿಕೊಳ್ಳಲಿ ಎಂದು. ನೆಲ ಒರೆಸುವ ಕೆಲಸ ಹೆಚ್ಚಾಗುತ್ತದೆ, ಅದನ್ನು ಯಾರು ಮಾಡುತ್ತೀರೆಂದು ಅತ್ತೆಯವರೊಡನೆ ಮೊದಲೇ ಮಾತಾಡಿಕೊಳ್ಳಿ.

ತಡ ಮಾಡಿದೆವೇ ಎಂದು ಕೇಳಿದ್ದೀರಿ. ಇಲ್ಲ. 1962ರಲ್ಲಿ ಮಕ್ಕಳ ತಜ್ಞ ಬ್ರೇಜಲ್ಟನ್ ತಾವು ನೋಡಿಕೊಂಡ 1,170 ಮಕ್ಕಳ ವಿವರ ಪ್ರಕಟಿಸಿದಾಗ, ಹಗಲಿನ ಹಿಡಿತ ಬಂದ ಸರಾಸರಿ ವಯಸ್ಸು 28.5 ತಿಂಗಳಿತ್ತು. 2003ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, 27 ತಿಂಗಳಿಗೆ ಮುಂಚೆ ಪಟ್ಟುಹಿಡಿದು ಶುರುಮಾಡಿದರೆ ಹೆಚ್ಚು ಲಾಭವಿಲ್ಲ, ಬೇಗ ತೊಡಗಿದಷ್ಟೂ ಕಲಿಕೆಯ ಕಾಲ ಉದ್ದವಾಗುತ್ತದೆ ಎಂದು ಕಂಡುಬಂತು. ನಿಮ್ಮವನಿಗೆ 26 ತಿಂಗಳು. ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಎರಡು ಮೂರು ತಿಂಗಳು ಹಿಂದೆ ಬೀಳುವುದೂ ಸಾಮಾನ್ಯ.

ಇಷ್ಟೆಲ್ಲ ಓದಿಕೊಂಡಿದ್ದ ನಾನೇ ತಪ್ಪಿದ್ದೆ. ನನ್ನ ಮಗಳಿಗೆ ಒಂದೂವರೆ ವರ್ಷವಿದ್ದಾಗ, ಮಕ್ಕಳ ವೈದ್ಯೆಯ ಮಗಳು ಡೈಪರಿನಲ್ಲಿರುವುದೇ ಎಂಬ ಹಮ್ಮಿಗೆ ಬಿದ್ದು, ದಿನಕ್ಕೆ ಎಂಟು ಹತ್ತು ಸಲ ಕೂರಿಸಿದೆ. ಮೂರನೆಯ ವಾರ ಅವಳು ಐದು ದಿನ ಕಕ್ಕ ಮಾಡಲಿಲ್ಲ. ಆಸ್ಪತ್ರೆಯಲ್ಲಿ ಬೇರೆಯವರಿಗೆ ದಿನವೂ ಹೇಳುವ ಮಾತನ್ನು ನನ್ನ ತಾಯಿ ನನಗೆ ಹೇಳಬೇಕಾಯಿತು: "ಬಿಡು, ಮಗುವಿನ ಹೊಟ್ಟೆ ನಿನ್ನ ಪರೀಕ್ಷೆಯಲ್ಲ." ಬಿಟ್ಟೆ. ಮಲಬದ್ಧತೆ ಸರಿಯಾಗಲು ಆರು ತಿಂಗಳು ಹಿಡಿಯಿತು. ಆಮೇಲೆ ಕಲಿಯಲು ಹಿಡಿದದ್ದು ಹತ್ತೇ ದಿನ.

ಈಗ ನಿಮ್ಮ ಮನೆಯ ವಿಷಯ. ಮಗುವಿನ ಸಿದ್ಧತೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಕಕ್ಕಸು ಮನೆಯ ಸಿದ್ಧತೆಯ ಬಗ್ಗೆ ಯಾರೂ ಕೇಳುವುದಿಲ್ಲ. ಅವನ ಕಣ್ಣಿನಿಂದ ಒಮ್ಮೆ ನೋಡಿ. ಜೂನ್ ತಿಂಗಳು, ಹಿತ್ತಲು ದಾಟಬೇಕು, ದಾರಿಯಲ್ಲಿ ಜಿಗಣೆ. ಒಳಗೆ ಹೋದರೆ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಅಮ್ಮನ ಮಾತೇ ಕೇಳಿಸುವುದಿಲ್ಲ, ಕರೆಂಟು ಹೋದರೆ ಕತ್ತಲು, ಮೂಲೆಯಲ್ಲೊಂದು ಕಪ್ಪೆ. ದೊಡ್ಡವರ ಅಳತೆಯ ಕಮೋಡು, ತಣ್ಣಗೆ ಕೊರೆಯುವ ಸೀಟು, ಕೆಳಗೆ ನೀರಿನ ಬಾಯಿ, ಕಾಲಿಗೆ ಆಸರೆಯಿಲ್ಲ. ಹೀಗೆ ಕೂರಿಸಿದರೆ ನಾನೂ ಕಿರುಚುತ್ತಿದ್ದೆ. ನಿಮ್ಮ ಕಡೆ ಸಂಜೆಯಾದರೆ ತೋಟಕ್ಕೆ ಆನೆ ಇಳಿಯುವ ಭಯ ಬೇರೆ, ರಾತ್ರಿ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುವ ಮಾತೇ ಇಲ್ಲ.

ಒಂದು ತಗ್ಗಾದ ಪ್ಲಾಸ್ಟಿಕ್ ಪಾಟಿ ತನ್ನಿ. ಹಾಡು ಹೇಳುವ, ದೀಪ ಹೊತ್ತುವ ಪಾಟಿಗಳು ಬೇಡ. ಅವು ಆಟಿಕೆಯಾಗಿ ಉಳಿಯುತ್ತವೆ, ತೊಳೆಯುವುದೂ ಕಷ್ಟ. ಕೂತಾಗ ಪಾದ ಎರಡೂ ನೆಲಕ್ಕೆ ಪೂರ್ತಿ ಊರಬೇಕು, ಮೊಣಕಾಲು ಸೊಂಟಕ್ಕಿಂತ ಮೇಲಿರಬೇಕು. ಕುಕ್ಕರಗಾಲಿನಲ್ಲಿ ಕೂತಾಗ ಗುದನಾಳವನ್ನು ಮಡಿಸಿ ಹಿಡಿದಿರುವ ಸ್ನಾಯು ಸಡಿಲವಾಗುತ್ತದೆ. ಕಾಲು ನೇತಾಡಿದರೆ ಅದು ಬಿಗಿಯಾಗಿಯೇ ಇರುತ್ತದೆ. ಅತ್ತೆಯವರು ಪಾದದ ಮೇಲೆ ಕೂರಿಸುತ್ತಿದ್ದದ್ದು ಇದೇ ಭಂಗಿಯಲ್ಲಿ ಎಂಬುದನ್ನು ಅವರಿಗೆ ಹೇಳಿ, ಸಂತೋಷಪಡುತ್ತಾರೆ.

ಆ ಪಾಟಿಯನ್ನು ಎಲ್ಲಿಡಬೇಕು? ಮಲಗುವ ಕೋಣೆಯ ಬಾಗಿಲ ಹಿಂದೆ. ಅವನು ಆರಿಸಿಕೊಂಡ ಜಾಗ ಅದು, ಬೆಚ್ಚಗಿದೆ, ಮರೆ ಇದೆ. ಮೊದಲ ವಾರ ಅದು ಅಲ್ಲಿ ಸುಮ್ಮನೆ ಇರಲಿ. ಚಡ್ಡಿ ಸಮೇತ ಕೂತರೂ ಸರಿ, ಕರಡಿ ಗೊಂಬೆಯನ್ನು ಕೂರಿಸಿದರೂ ಸರಿ. ಮಲ ಮೆತ್ತಗಾದ ಮೇಲೆ, ಡೈಪರ್ ಹಾಕಿಕೊಂಡೇ ಪಾಟಿಯ ಮೇಲೆ ಕೂತು ಮಾಡಲಿ. ವಿಚಿತ್ರವೆನಿಸಬಹುದು, ಆದರೆ ಹೆದರಿದ ಮಗುವಿಗೆ ನಿಲ್ಲುವುದರಿಂದ ಕೂರುವುದೇ ಒಂದು ದೊಡ್ಡ ದಾಟು. ಅದು ರೂಢಿಯಾದ ಮೇಲೆ ಡೈಪರಿನ ಪಟ್ಟಿ ಸಡಿಲಿಸಿ, ಆಮೇಲೆ ಬಿಚ್ಚಿ ಪಾಟಿಯೊಳಗೆ ಹಾಸಿ, ಕಡೆಗೆ ತೆಗೆದುಬಿಡಿ. ಬೆಳಗಿನ ತಿಂಡಿಯಾದ ಹದಿನೈದು ಇಪ್ಪತ್ತು ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತಿಗೆ ಐದು ನಿಮಿಷ ಸಾಕು. ಏಳುತ್ತೇನೆ ಎಂದರೆ ಏಳಲಿ. ನೀವು ಶಾಲೆಗೆ ಹೊರಡುವ ಗಡಿಬಿಡಿಯ ಹೊತ್ತು ಅದೇ ಆಗಿದ್ದರೆ ಆ ಕೆಲಸ ಅತ್ತೆಯವರದಾಗಲಿ, ಅಥವಾ ರಾತ್ರಿ ಊಟದ ನಂತರ ನಿಮ್ಮದಾಗಲಿ. ಪಾಟಿಯಲ್ಲಿ ಬಂದದ್ದನ್ನು ಕಕ್ಕಸಿಗೇ ಹಾಕಿ, ಸೋಪಿನಲ್ಲಿ ಕೈ ತೊಳೆಯಿರಿ. ಮಕ್ಕಳದ್ದಲ್ಲವೇ ಎಂದು ತೋಟಕ್ಕೆ ಎಸೆಯುವವರಿದ್ದಾರೆ. ಮಳೆಗಾಲದಲ್ಲಿ ಅಲ್ಲಿಂದ ಬಾವಿಗೆ ದೂರವೇನಿಲ್ಲ.

ಮಾತಿನ ಬಗ್ಗೆ ಎರಡು ಸಂಗತಿ. ನಮ್ಮ ಮನೆಗಳಲ್ಲಿ ಅಜ್ಜಿಗೊಂದು ಭಾಷೆ, ಅಮ್ಮನಿಗೊಂದು, ಕೆಲಸಕ್ಕೆ ಬರುವವರಿಗೆ ಇನ್ನೊಂದು. ಕೊಡವ ತಕ್ಕ್, ಅರೆಭಾಷೆ, ಮಲೆಯಾಳ, ಕನ್ನಡ ಎಲ್ಲವನ್ನೂ ಮಗು ಕಲಿಯಲಿ, ಆದರೆ ಈ ಎರಡು ಕೆಲಸಗಳಿಗೆ ಮನೆಮಂದಿಯೆಲ್ಲ ಒಂದೊಂದೇ ಪದ ಬಳಸಿ, ಶಾಲೆಯ ಟೀಚರಿಗೂ ಆ ಪದ ಹೇಳಿಡಿ. ಇನ್ನೊಂದು, 'ಉಚ್ಚೆ ಬಂತಾ?' ಎಂದು ಕೇಳುತ್ತಲೇ ಇರಬೇಡಿ. ಈ ವಯಸ್ಸಿನಲ್ಲಿ ಯಾವ ಪ್ರಶ್ನೆಗೂ ಉತ್ತರ 'ಇಲ್ಲ', ಯಾವ ಸೂಚನೆಗೂ ಉತ್ತರ 'ಬೇಡ'. 'ತಿಂಡಿ ಆಯಿತು, ಈಗ ಪಾಟಿ' ಎಂದು ಸುಮ್ಮನೆ ಜೊತೆಗೆ ಹೋಗಿ. 'ಬೇಡ' ಎಂಬುದು ದಿನವಿಡೀ ನಡೆಯುತ್ತಿದ್ದರೆ ಒಂದು ತಿಂಗಳು ಮುಂದೂಡಿ. ಚೆಲ್ಲಿಕೊಂಡಾಗ 'ಛೀ', 'ಶೇಮ್ ಶೇಮ್' ಎನ್ನುವುದನ್ನು ಮನೆಯಿಂದಲೇ ಓಡಿಸಿ. ನೆಂಟರು ಅಂದರೂ ಸಹಿಸಬೇಡಿ.

ಉಚ್ಚೆಗೆ ನನ್ನ ಸಲಹೆ, ಅಕ್ಟೋಬರಿನ ಕಾವೇರಿ ಸಂಕ್ರಮಣದವರೆಗೆ ಕಾಯಿರಿ. ಶಾಲೆಗಳೆಲ್ಲ ಜೂನ್‌ನಲ್ಲಿ ತೆರೆಯುವುದರಿಂದ ಕೊಡಗಿನ ಮಕ್ಕಳಿಗೆ ಡೈಪರ್ ಬಿಡಿಸುವ ಕೆಲಸ ವರ್ಷದ ಅತಿ ಕೆಟ್ಟ ತಿಂಗಳಲ್ಲೇ ನಡೆಯುತ್ತದೆ. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನ ನೇತಾಡಿದರೂ ಚಡ್ಡಿ ಒಣಗುವುದಿಲ್ಲ, ಹೊಗೆಯ ವಾಸನೆ ಮಾತ್ರ ಹತ್ತುತ್ತದೆ. ಅರೆಒಣಗಿದ್ದನ್ನೇ ತೊಡಿಸಿದರೆ ತೊಡೆಸಂದಿಯಲ್ಲಿ ಬೂಸು ಹುಣ್ಣು, ಅಮ್ಮನಿಗೆ ಸಿಟ್ಟು, ಆ ಸಿಟ್ಟು ಮಗುವಿನ ಮೇಲೆ. ಅಕ್ಟೋಬರಿನಲ್ಲಿ ಬಿಸಿಲು ಕಂಡ ಮೇಲೆ ಒಂದು ಡಜನ್ ಎಳೆದುಹಾಕುವ ಚಡ್ಡಿ ಇಟ್ಟುಕೊಳ್ಳಿ, ಗುಂಡಿ, ಲಾಡಿ, ಬಕಲ್ ಯಾವುದೂ ಬೇಡ. ಮೊದಲು ಮೂರು ದಿನ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಒದ್ದೆಯಾದ ಹೊತ್ತುಗಳನ್ನು ಬರೆದಿಡಿ. ಎರಡು ಗಂಟೆಯಾದರೂ ಒಣಗಿರುವ ಹೊತ್ತುಗಳು ಕಾಣತೊಡಗಿದರೆ, 'ಚಪ್ಪಲಿ ತಂದು ಬಾಗಿಲ ಹತ್ತಿರ ಇಡು' ಎಂಬಂಥ ಜೋಡಿ ಮಾತನ್ನು ಅವನು ನಡೆಸಿಕೊಟ್ಟರೆ, ಚಡ್ಡಿ ಇಳಿಸಲು ತಾನೇ ಎಳೆದಾಡುತ್ತಿದ್ದರೆ, ಶುರುಮಾಡಿ. ಉಚ್ಚೆಯನ್ನೂ ಮೊದಲು ಕೂತೇ ಮಾಡಲಿ. ನಿಂತು ಗುರಿಯಿಡುವ ವಿದ್ಯೆಯನ್ನು ಅಪ್ಪನನ್ನು ನೋಡಿ ಆಮೇಲೆ ಕಲಿಯುತ್ತಾನೆ. ಎರಡು ವಾರದಲ್ಲಿ ಏನೂ ಸಾಗದಿದ್ದರೆ ಡೈಪರಿಗೆ ಮರಳಿ, ಹುತ್ತರಿ ಸುಗ್ಗಿ ಹಬ್ಬ ಕಳೆದ ಮೇಲೆ ನೋಡಿ. ಆದರೆ ಕಾಫಿ ಕೊಯ್ಲು ಬಿರುಸಾಗಿ ಮನೆಮಂದಿಯೆಲ್ಲ ಕಣದಲ್ಲಿರುವ ವಾರಗಳು ಬೇಡ.

ಶಾಲೆಗೆ ದಸರೆಯ ನಂತರ ಸೇರಿಸಬಹುದು, ಚಡ್ಡಿಯ ಪಾಠವನ್ನೂ ಶಾಲೆಯನ್ನೂ ಒಂದೇ ವಾರ ಶುರುಮಾಡಬೇಡಿ. ಹೋಗಿ ಅಲ್ಲಿನ ಶೌಚಾಲಯವನ್ನು ಕಣ್ಣಾರೆ ನೋಡಿ ಬನ್ನಿ. ಮಕ್ಕಳ ಅಳತೆಯದ್ದಿದೆಯೇ, ಕೇಳಿದ ತಕ್ಷಣ ಕರೆದೊಯ್ಯುವ ಆಯಾ ಇದ್ದಾರೆಯೇ? ಇಲ್ಲದಿದ್ದರೆ ಇನ್ನೂ ಆರು ತಿಂಗಳು ಮನೆಯಲ್ಲಿರಲಿ. ಅಂಗನವಾಡಿಯೂ ಮೂರು ವರ್ಷಕ್ಕೇ ಕರೆಯುವುದು.

ರಾತ್ರಿಯ ಡೈಪರಿಗೆ ಈಗ ಕೈಹಾಕಬೇಡಿ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನು, ಮೂತ್ರಕೋಶ ತುಂಬಿದಾಗ ಎಬ್ಬಿಸುವ ಮೆದುಳು, ಎರಡೂ ತಮ್ಮ ಕಾಲಕ್ಕೆ ಮಾಗುತ್ತವೆ. ಐದು ವರ್ಷದ ಮಕ್ಕಳಲ್ಲೂ 100ಕ್ಕೆ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತವೆ.

ಕಾಯದೆ ವೈದ್ಯರಿಗೆ ತೋರಿಸಬೇಕಾದ ಸಂಗತಿಗಳೂ ಇವೆ. ಉಚ್ಚೆ ಮಾಡುವಾಗ ಅಳುವುದು, ಜೊತೆಗೆ ಜ್ವರ, ಗಂಡುಮಗುವಿನ ಧಾರೆ ಸಣ್ಣಗೆ, ತಡೆತಡೆದು ಬರುವುದು, ಯಾವಾಗಲೂ ತೊಟ್ಟಿಕ್ಕುತ್ತಲೇ ಇರುವುದು, ಮಲದಲ್ಲಿ ರಕ್ತ, ದಿನಗಟ್ಟಲೆ ಹೋಗದ ಮಗುವಿನ ಡೈಪರಿನಲ್ಲಿ ಭೇದಿಯಂತೆ ನೀರು ನೀರಾಗಿ ಸೋರುವುದು, ಇದು ಭೇದಿಯಲ್ಲ, ಗಟ್ಟಿ ಮಲದ ಪಕ್ಕದಿಂದ ಜಾರಿ ಬರುವುದು. ಎಲ್ಲ ಕಲಿತು ತಿಂಗಳುಗಟ್ಟಲೆ ಒಣಗಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿ, ಸದಾ ನೀರು ಬೇಡುತ್ತಾ ಸೊರಗುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು. ಮಕ್ಕಳಲ್ಲಿ ಮಧುಮೇಹ ಹೀಗೂ ಶುರುವಾಗುತ್ತದೆ.

ನಿಮ್ಮ ಪತ್ರ ಬಂದ ಕಾಲ ನೋಡಿ ಇನ್ನೊಂದು ಮಾತು ಸೇರಿಸುತ್ತೇನೆ, ಪ್ರತಿ ವರ್ಷ ಈ ಹೊತ್ತಿಗೆ ಒಬ್ಬರಾದರೂ ಗಾಬರಿಯಾಗಿ ಡೈಪರ್ ಹಿಡಿದು ಓಡಿಬರುತ್ತಾರೆ. ಆಗಸ್ಟ್ 3ರ ಆಸುಪಾಸು ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪು ತಿನ್ನುವ ದಿನ. ನಿಮ್ಮ ಮನೆಯಲ್ಲೂ ಮದ್ದು ಸೊಪ್ಪಿನ ಪಾಯಸ ಮಾಡುವವರಿದ್ದು, ಅಜ್ಜಿ ಮೊಮ್ಮಗನ ಬಾಯಿಗೂ ಒಂದು ಚಮಚ ಹಾಕಿದರೆ, ದೊಡ್ಡವರಿಗೆ ಆಗುವಂತೆ ಅವನ ಉಚ್ಚೆಯೂ ಕೆಂಪಾಗಬಹುದು. ಹೆದರಬೇಡಿ, ಅವನಿಗೂ ತೋರಿಸಿ. ತನ್ನ ಮೈಯಿಂದ ಬಣ್ಣದ ನೀರು ಬಂದದ್ದನ್ನು ಕಂಡು, ಇನ್ನೊಮ್ಮೆ ಬರುತ್ತದೆಯೇ ಎಂದು ಪಾಟಿ ಹುಡುಕಿಕೊಂಡು ಹೋದ ಮಕ್ಕಳನ್ನು ನಾನು ನೋಡಿದ್ದೇನೆ. ಸೊಪ್ಪು ತಿನ್ನದೆ ಕೆಂಪು ಕಂಡರೆ ಮಾತ್ರ ಅಂದೇ ಕರೆತನ್ನಿ, ಆ ಡೈಪರನ್ನೂ ಎಸೆಯದೆ ಜೊತೆಗೆ ತನ್ನಿ.